ಕಬಡ್ಡಿ ರೈಡರ್ ತೊಡೆಯಲ್ಲಿ ಬೆಳೆದ ಮೂಳೆ: ಹಾಸನದ ಒಂದು ಕೇಸು, ನಾನು ಮಸಾಜ್ ಕಲಿಸೋ ಕ್ರಮ ಬದಲಾಯಿಸಿದ್ದು

ಹಾಸನದಲ್ಲಿ ಜಿಲ್ಲಾ ಕ್ರೀಡಾಂಗಣದಿಂದ ಸ್ವಲ್ಪ ದೂರದಲ್ಲಿ ನಂದೊಂದು ಚಿಕ್ಕ ರೂಮಿದೆ, ಎರಡು ಮಸಾಜ್ ಟೇಬಲ್ಲು, ಐಸ್ ಇಡೋಕೆ ಒಂದು ಹಳೇ ಫ್ರಿಜ್ಜು, ಅಷ್ಟೆ. ಕಬಡ್ಡಿ, ವಾಲಿಬಾಲ್, ಓಟದ ಹುಡುಗ್ರು ಹುಡುಗೀರು ಬರ್ತಾರೆ, ಭಾನುವಾರ ಮಾತ್ರ ಸ್ಪೋರ್ಟ್ಸ್ ಮಸಾಜ್ ಕ್ಲಾಸ್ ತಗೋತೀನಿ, ಬ್ಯಾಚಿಗೆ ಆರೇ ಜನ. ಈಗ ಬರೀತಿರೋ ಕೇಸು ಆ ಕ್ಲಾಸಿಂದಲೇ ಶುರುವಾಗಿದ್ದು. ಆ ಮನೆಯವರನ್ನ ಕೇಳಿ ಒಪ್ಪಿಗೆ ತಗೊಂಡೇ ಬರೀತಿದೀನಿ, ಹೆಸರು ಊರು ಹಾಕ್ಬೇಡಿ ಅಂದ್ರು, ಅದಕ್ಕೆ ಹುಡುಗನನ್ನ ರೈಡರ್ ಅಂತಲೇ ಕರೀತೀನಿ. 19 ವರ್ಷ, ಒಳ್ಳೇ ಕಾಲು. ಅವರಣ್ಣ ನನ್ನ ಹತ್ರ ಮಸಾಜ್ ಕಲಿಯೋಕೆ ಬರ್ತಿದ್ದ, ಇವನ ಸಲುವಾಗೇ ಸೇರಿದ್ದು, "ತಮ್ಮ ಆಡ್ತಾನೆ ಸಾ, ಮನೇಲೇ ಒಬ್ರು ಕಲ್ತಿದ್ರೆ ಒಳ್ಳೇದಲ್ವಾ" ಅಂದಿದ್ದ.

ಗಣಪತಿ ಹಬ್ಬದ ಟೈಮಲ್ಲಿ ನಮ್ಮ ಕಡೆ ಊರೂರಲ್ಲೂ ಹೊನಲು ಬೆಳಕಿನ ಕಬಡ್ಡಿ ಇರುತ್ತೆ, ಅಂಥದ್ದೇ ಒಂದು ಪಂದ್ಯ. ರೈಡರ್ ಬೋನಸ್ ಲೈನ್ ಹತ್ರ ತಿರುಗೋವಾಗ ಕಾರ್ನರಲ್ಲಿದ್ದವನ ಮಂಡಿ ಬಂದು ಬಲಗಾಲಿನ ತೊಡೆ ಮುಂಭಾಗಕ್ಕೆ ಸರಿಯಾಗಿ ಹೊಡೀತು. ಬಿದ್ದ, ಎದ್ದ, ಕಾಲು ಒದರಿಕೊಂಡ, ಮತ್ತೆ ಹತ್ತು ನಿಮಿಷ ಆಡ್ದ. ಮೈ ಬಿಸಿ ಇರೋವಾಗ ಗೊತ್ತಾಗಲ್ಲ. ಮನೆಗೆ ಬೈಕಲ್ಲಿ ಹೋಗೋ ಅಷ್ಟರಲ್ಲಿ ತೊಡೆ ಬಿಗಿದು ಹಲಗೆ ಆಗಿತ್ತಂತೆ. ಬೆಳಿಗ್ಗೆ ಟಾಯ್ಲೆಟ್ಟಲ್ಲಿ ಕುಕ್ಕರುಗಾಲಲ್ಲಿ ಕೂರೋಕೇ ಆಗ್ಲಿಲ್ಲ, ಗೋಡೆ ಹಿಡ್ಕೊಂಡು ಬಲಗಾಲು ಮುಂದಕ್ಕೆ ಚಾಚಿ ಹೆಂಗೋ ಮುಗಿಸಿದ. ಈ ಒಂದು ವಿಷಯ ಅವತ್ತೇ ನನ್ನ ಕಿವಿಗೆ ಬಿದ್ದಿದ್ರೆ ಕಥೆ ಬೇರೆ ಥರ ಇರ್ತಿತ್ತು, ಯಾಕಂದ್ರೆ ತೊಡೆಗೆ ಏಟು ಬಿದ್ದ ಮಾರನೇ ದಿನ ಮಂಡಿ ಎಷ್ಟು ಮಡಚುತ್ತೆ ಅನ್ನೋದೇ ಏಟಿನ ತೂಕ ಹೇಳೋದು. 90 ಡಿಗ್ರಿಗಿಂತ ಜಾಸ್ತಿ ಮಡಚಿದ್ರೆ ಹಗುರ, 45ರಿಂದ 90ರ ನಡುವೆ ಇದ್ರೆ ಮಧ್ಯಮ, 45 ದಾಟದೇ ಹೋದ್ರೆ ಜೋರು ಏಟು. ಕುಕ್ಕರುಗಾಲಲ್ಲಿ ಕೂರೋಕೆ 90 ಎಲ್ಲಿ ಸಾಕಾಗುತ್ತೆ, ಪೂರ್ತಿ ಮಡಚಬೇಕು, ಆದ್ರೆ ಇವನಿಗೆ ಕುರ್ಚಿ ಮೇಲೆ ಕೂತು ಕಾಲು ಕೆಳಗೆ ಬಿಡೋದೂ ಕಷ್ಟ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಅವರವ್ವ ತೊಡೆ ನೋಡಿ "ಎಲ್ಲೂ ಕಂದಿಲ್ಲ, ಏನೂ ಆಗಿಲ್ಲ ಬುಡು" ಅಂದ್ರಂತೆ. ಆ ತಾಯಿ ಅಂದಿದ್ದರಲ್ಲಿ ತಪ್ಪೇನಿಲ್ಲ, ನಾವೆಲ್ಲ ಹಂಗೇ ಅಂದ್ಕೊಳ್ಳೋದು, ಚರ್ಮ ಕಪ್ಪಗಾದ್ರೆ ಏಟು, ಇಲ್ಲಾಂದ್ರೆ ಏನಿಲ್ಲ ಅಂತ. ಸ್ನಾಯು ವಿಷಯದಲ್ಲಿ ಇದು ಎಷ್ಟೋ ಸಲ ಉಲ್ಟಾ. ತೊಡೆ ಮುಂದೆ ಕ್ವಾಡ್ರಿಸೆಪ್ಸ್ ಅಂತ ನಾಲ್ಕು ಸ್ನಾಯು ಸೇರಿದ ಗುಂಪಿದೆ, ಅದರಲ್ಲಿ ಎಲ್ಲಕ್ಕಿಂತ ಒಳಗೆ, ತೊಡೆಮೂಳೆಗೆ ಅಂಟಿಕೊಂಡಿರೋದು ವಾಸ್ಟಸ್ ಇಂಟರ್ಮೀಡಿಯಸ್. ಎದುರಾಳಿ ಮಂಡಿ ಗುಂಡುಕಲ್ಲಾದ್ರೆ ತೊಡೆಮೂಳೆ ಒರಳು, ನಡುವೆ ಸಿಕ್ಕಿ ಜಜ್ಜಿಹೋಗೋದು ಈ ಒಳಗಿನ ಸ್ನಾಯು. ಸ್ನಾಯು ಸುತ್ತ ಇರೋ ಪೊರೆನೂ ಹರಿದಿದ್ರೆ ರಕ್ತ ಆಚೆ ಸೋರಿ, ಒಂದೆರಡು ದಿನದಲ್ಲಿ ಕೆಳಗಿಳಿದು ಮಂಡಿ ಹತ್ರ ನೀಲಿ ಕಪ್ಪಗೆ ಕಾಣುತ್ತೆ, ನೋಡೋಕೆ ಭಯ ಆಗುತ್ತೆ, ಆದ್ರೆ ಬೇಗ ವಾಸಿ ಆಗೋದು ಅದೇ. ಪೊರೆ ಹರೀದೆ ರಕ್ತ ಒಳಗೇ ನಿಂತ್ರೆ ಚರ್ಮ ಕ್ಲೀನಾಗಿರುತ್ತೆ, ಒಳಗಡೆ ಒತ್ತಡ ಏರ್ತಾ ಹೋಗುತ್ತೆ, ಮಂಡಿ ಮಡಚಲ್ಲ. ಇವನದು ಎರಡನೇ ಥರದ್ದು.

ಈಗ ಅಣ್ಣನ ವಿಷಯಕ್ಕೆ ಬರ್ತೀನಿ. ಅಷ್ಟೊತ್ತಿಗೆ ಅವನು ನಾಲ್ಕು ಭಾನುವಾರ ಕ್ಲಾಸಿಗೆ ಬಂದಿದ್ದ. ನಾಲ್ಕರಲ್ಲೂ ನಾನು ಹೇಳಿಕೊಟ್ಟಿದ್ದು ಕೈ ಕೆಲಸ. ಸ್ಪೋರ್ಟ್ಸ್ ಮಸಾಜಲ್ಲಿ ಸ್ಟ್ರೋಕ್‌ಗಳಿಗೆ, ಅಂದ್ರೆ ಕೈ ಆಡಿಸೋ ಬಗೆಗಳಿಗೆ, ಫ್ರೆಂಚ್ ಹೆಸರು, ಎಫ್ಲೂರಾಜ್, ಪೆಟ್ರಿಸಾಜ್ ಅಂತೆಲ್ಲ, ನಾನು ಕ್ಲಾಸಲ್ಲಿ ಕನ್ನಡದಲ್ಲೇ ಹೇಳ್ತೀನಿ, ನೀವೋದು, ನಾದೋದು, ಉಜ್ಜೋದು, ತಟ್ಟೋದು. ಪೆಟ್ರಿಸಾಜ್ ಅನ್ನೋ ಮಾತೇ ಹಿಟ್ಟು ನಾದೋದು ಅನ್ನೋ ಫ್ರೆಂಚ್ ಮಾತಿಂದ ಬಂದಿದ್ದು, ಅಂದ್ಮೇಲೆ ನಮ್ಮ ಪದ ಅದಕ್ಕೆ ಹೇಳಿ ಮಾಡಿಸಿದಂಗಿದೆ. ಅಣ್ಣಂಗೆ ಈ ನಾದೋ ಕೆಲಸ ಬ್ಯಾಚಲ್ಲೇ ಎಲ್ಲರಿಗಿಂತ ಚೆನ್ನಾಗಿ ಬರ್ತಿತ್ತು, ಹೊಲದ ಕೆಲಸ ಮಾಡಿದ ಕೈ, ಬಿಸಿ ಮುದ್ದೆ ನಾದಿ ಉಂಡೆ ಕಟ್ಟಿದ ಕೈ, ಅಂಗೈ ಪೂರ್ತಿ ಸ್ನಾಯು ಮೇಲೆ ಕೂರ್ತಿತ್ತು, ಬೆರಳ ತುದಿ ಚುಚ್ಚುತಾ ಇರಲಿಲ್ಲ. ನಾನೇ ಎಲ್ಲರ ಮುಂದೆ ಹೊಗಳಿದ್ದೆ.

ಏಟು ಬಿದ್ದಿದ್ದು ಶುಕ್ರವಾರ ರಾತ್ರಿ. ಭಾನುವಾರ ಅವನು ಕ್ಲಾಸಿಗೆ ಬಂದ, ತಮ್ಮನ ವಿಷಯ ಎತ್ತಲಿಲ್ಲ, ಹೊರಡೋವಾಗ ಚಪ್ಪಲಿ ಹಾಕ್ಕೊಂತಾ ಒಂದು ಪ್ರಶ್ನೆ ಕೇಳಿದ. "ಸಾ, ತೊಡೆ ಬಿಗಿಯಾಗಿದ್ರೆ ಎಷ್ಟು ಜೋರಾಗಿ ನಾದ್ಬೋದು?" ನಾನು ಟೇಬಲ್ ಒರೆಸ್ತಾ ಇದ್ದೆ, ತಲೆ ಎತ್ತದೇನೇ "ತೊಡೆ ದೊಡ್ಡ ಸ್ನಾಯು ಅಲ್ವೇನಪ್ಪ, ಸ್ವಲ್ಪ ಜೋರಾಗೇ ಬೇಕು, ಹತ್ತಕ್ಕೆ ಆರರಷ್ಟು ನೋವು ಅಂದ್ರೂ ಪರವಾಗಿಲ್ಲ" ಅಂದೆ. ಪ್ರಾಕ್ಟೀಸ್ ಮಾಡಿ ಬಿಗಿದ ತೊಡೆ ಅಂತ ನಾನೇ ಅಂದ್ಕೊಂಡೆ. ಯಾರ ತೊಡೆ, ಯಾಕೆ ಬಿಗಿದಿದೆ, ಏಟೇನಾದ್ರೂ ಬಿತ್ತಾ, ಯಾವಾಗ, ಇಷ್ಟು ಕೇಳೋಕೆ ಒಂದು ನಿಮಿಷ ಸಾಕಿತ್ತು. ಕೇಳ್ಲಿಲ್ಲ. ಈ ಕೇಸಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಆ ಬಾಗಿಲಲ್ಲಿ ಆಗಿದ್ದು, ಅದು ನಂದು.

ಅವನು ಮನೆಗೆ ಹೋಗಿ ತುಂಬಾ ಪ್ರೀತಿಯಿಂದ ಮಾಡಿದ. ಬಿಸಿನೀರಲ್ಲಿ ಟವಲ್ ಅದ್ದಿ ಹಿಂಡಿ ಶಾಖ, ಆಮೇಲೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ, ಏಟು ಬಿದ್ದ ಜಾಗದ ಮೇಲೇ ನಾದೋದು, ದಿನಾ ರಾತ್ರಿ ಅರ್ಧ ಗಂಟೆ. ತಮ್ಮ ದಿಂಬು ಕಚ್ಚಿಕೊಂಡು ತಡ್ಕೋತಿದ್ದನಂತೆ, ಅಣ್ಣ ನಾನು ಹೇಳಿದ ಆರರ ಲೆಕ್ಕ ಇಟ್ಕೊಂಡು "ಎಷ್ಟಯ್ತಲಾ, ಆರಾ ಏಳಾ" ಅಂತ ಕೇಳಿ ಕೇಳಿ ಮಾಡ್ತಿದ್ದನಂತೆ. ಹಿಂಗೆ ಹತ್ತು ರಾತ್ರಿ. ಮಸಾಜ್ ಆದ ತಕ್ಷಣ ಸ್ವಲ್ಪ ಹಗುರ ಅನ್ಸೋದು, ಬೆಳಿಗ್ಗೆ ಎದ್ರೆ ಮತ್ತೆ ಹಲಗೆ. ಎರಡು ವಾರಕ್ಕೆ ನೋವು ಕಮ್ಮಿ ಆದಂಗೆ ಅನ್ಸಿ ಆಲೂಗಡ್ಡೆ ಕಿತ್ತಿದ್ದ ಹೊಲದಲ್ಲಿ 50 ಕೆಜಿ ಮೂಟೆ ಹೊತ್ತು ಟ್ರ್ಯಾಕ್ಟರಿಗೆ ಹಾಕೋಕೂ ಹೋದ. ಮೂರನೇ ವಾರದಿಂದ ನೋವು ತಿರುಗಿ ಜಾಸ್ತಿ ಆಗೋಕೆ ಶುರುವಾಯ್ತು, ರಾತ್ರಿ ನಿದ್ದೆ ಕೆಡ್ಸೋದು.

ನಾಲ್ಕನೇ ವಾರ ಅಣ್ಣ ಕರ್ಕೊಂಡು ಬಂದ. ರೂಮಿನ ಮೆಟ್ಟಿಲು ಹತ್ತೋವಾಗ್ಲೇ ನೋಡ್ದೆ, ಬಲಗಾಲು ಕೋಲಿನ ಥರ ಇಟ್ಕೊಂಡು ಸೊಂಟ ಎತ್ತಿ ಎತ್ತಿ ಹತ್ತುತ್ತಿದ್ದ. ಬೋರಲು ಮಲಗಿಸಿ ಹಿಮ್ಮಡಿ ಕುಂಡಿ ಕಡೆಗೆ ತಾನಾಗೇ ಮಡಚೋಕೆ ಹೇಳ್ದೆ. ಎಡಗಾಲು 140 ಡಿಗ್ರಿ ಬಂತು. ಬಲಗಾಲು 55ಕ್ಕೆ ನಿಂತು ನಡುಗೋಕೆ ಶುರು. ತೊಡೆ ನಡುವೆ ಹೊರಭಾಗಕ್ಕೆ ಅಂಗೈ ಬರೀ ಇಟ್ಟೆ, ಒತ್ತಲಿಲ್ಲ, ಪಕ್ಕದ ಜಾಗಕ್ಕಿಂತ ಬೆಚ್ಚಗಿತ್ತು, ಅಡಿಯಲ್ಲಿ ಮಧ್ಯಮ ಗಾತ್ರದ ಆಲೂಗಡ್ಡೆಯಷ್ಟು ಗಟ್ಟಿ. ಸ್ನಾಯು ಹಿಡ್ಕೊಂಡಾಗ ಸಿಗೋ ಗಂಟು ಈ ಥರ ಇರಲ್ಲ, ಅದು ಬೆರಳಡಿ ಒಂಚೂರು ಕೊಡುತ್ತೆ, ಹಗ್ಗದಂಗೆ ಜಾರುತ್ತೆ. ಇದು ಜಾರಲೂ ಇಲ್ಲ, ಕೊಡಲೂ ಇಲ್ಲ. ನನ್ನ ಕೈಯಲ್ಲಿ ಸಾವಿರಾರು ತೊಡೆ ಹಾದುಹೋಗಿವೆ, ಇಂಥದ್ದು ಸಿಕ್ಕಿದ್ದು ಮೊದಲನೇ ಸಲ, ಆದ್ರೂ ಪುಸ್ತಕದಲ್ಲಿ ಓದಿದ ಹೆಸರು ಅದೇ ಕ್ಷಣ ತಲೆಗೆ ಬಂತು. ಅಣ್ಣನ ಮುಖ ನೋಡ್ದೆ. "ಎಣ್ಣೆ ಹಚ್ಚಿ ಉಜ್ಜಿದ್ಯಾ?" ಅಂದೆ. "ದಿನಾ ಸಾ, ನೀವು ಹೇಳ್ದಂಗೇ" ಅಂದ.

ಬೇರೆ ಪ್ರಶ್ನೆಗಳೂ ಕೇಳ್ದೆ, ಇವು ಯಾವ ಕೇಸಿಗೂ ಬಿಡಬಾರದು. ಜ್ವರ ಬಂದಿತ್ತಾ, ಇಲ್ಲ. ತೂಕ ಇಳಿದಿದೆಯಾ, ಇಲ್ಲ. ಪಾದ ಜೋಮು ಹಿಡಿಯುತ್ತಾ, ಬೆರಳು ಅಲ್ಲಾಡಿಸೋಕೆ ಆಗುತ್ತಾ, ಎಲ್ಲಾ ಸರಿ. ಮೀನಖಂಡ ಊದಿ ಬಿಸಿಯಾಗಿದೆಯಾ ಅಂತ ಎರಡೂ ಕಾಲು ಟೇಪಲ್ಲಿ ಅಳೆದೆ, ಒಂದೇ ಅಳತೆ. ಮೀನಖಂಡ ಯಾಕೆ ನೋಡ್ಬೇಕು ಅಂದ್ರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ರೂ ಜನ "ಕಾಲು ಹಿಡ್ಕೊಂಡಿದೆ" ಅಂತಲೇ ಬರ್ತಾರೆ, ಅದನ್ನ ನೀವಿ ಕಳಿಸಿದ್ರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು. ಮಸಾಜ್ ಮಾಡೋರಿಗೆ ಇದು ಗೊತ್ತಿಲ್ದಿದ್ರೆ ಎಣ್ಣೆ ಬಾಟ್ಲು ಮುಟ್ಟಲೇಬಾರದು ಅಂತ ನಾನು ಹೇಳ್ತೀನಿ.

ಅವತ್ತು ತೊಡೆಗೆ ಮಸಾಜ್ ಮಾಡಲಿಲ್ಲ. ಚೀಟಿ ಬರೆದು ಮೂಳೆ ಡಾಕ್ಟ್ರ ಹತ್ರ ಕಳಿಸಿದೆ, ನಾನೂ ಜೊತೆಗೆ ಹೋದೆ. ಎಕ್ಸ್‌ರೇಯಲ್ಲಿ ತೊಡೆಮೂಳೆ ಮುಂದೆ, ಸ್ನಾಯು ಇರೋ ಜಾಗದಲ್ಲಿ, ಮಂಜು ಕವಿದಂಗೆ ಒಂದು ಬೆಳ್ಳಗಿನ ಮಸುಕು. ಡಾಕ್ಟ್ರು ಹೇಳಿದ ಹೆಸರು ಮಯೋಸೈಟಿಸ್ ಆಸಿಫಿಕನ್ಸ್, ಅಂದ್ರೆ ಜಜ್ಜಿದ ಸ್ನಾಯು ವಾಸಿ ಆಗೋವಾಗ ದಾರಿ ತಪ್ಪಿ ಸ್ನಾಯು ಬದಲು ಮೂಳೆ ಕಟ್ಟೋದು. ಏಟು ಬಿದ್ದ ಮೊದಲ ವಾರಗಳಲ್ಲಿ ಎಕ್ಸ್‌ರೇ ತೆಗೆದ್ರೆ ಕಾಣಲ್ಲ, ಸಾಮಾನ್ಯವಾಗಿ ಮೂರ್ನಾಲ್ಕು ವಾರ ಕಳೀಬೇಕು, ಅಲ್ಟ್ರಾಸೌಂಡಲ್ಲಿ ಸ್ವಲ್ಪ ಮುಂಚೆ ಗೊತ್ತಾಗುತ್ತೆ. ಈ ವಯಸ್ಸಲ್ಲಿ ತೊಡೆಮೂಳೆ ಹತ್ರ ಮೂಳೆ ಕ್ಯಾನ್ಸರ್ ಗಡ್ಡೆನೂ ಆಗೋ ಸಾಧ್ಯತೆ ಇರೋದ್ರಿಂದ, ಕೆಲವು ವಾರ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆದು ನೋಡಲೇಬೇಕು ಅಂತಲೂ ಅಂದ್ರು. ಗಡ್ಡೆ ಅನ್ನೋ ಮಾತು ಕೇಳಿ ಅವರವ್ವ ಅಲ್ಲೇ ಬೆಂಚ್ ಮೇಲೆ ಕುಸಿದು ಕೂತ್ರು, ಸೆರಗು ಬಾಯಿಗೆ ಹಿಡ್ಕೊಂಡು. ಡಾಕ್ಟ್ರು ಪಾಪ ಎದ್ದು ಬಂದು "ಏಟು ಬಿದ್ದಿದ್ದು ಗೊತ್ತಿದೆ, ಜಾಗನೂ ಅದೇ, ಹೆದರ್ಬೇಡಿ ಅಮ್ಮ, ಆದ್ರೂ ನೋಡೋದು ನನ್ನ ಕೆಲಸ" ಅಂತ ಸಮಾಧಾನ ಮಾಡಿದ್ರು.

ಹೊರಗೆ ಬಂದ ಮೇಲೆ ಅಣ್ಣ ಮಾತಾಡ್ಲಿಲ್ಲ. ಬಸ್ ಸ್ಟಾಂಡ್ ತನಕ ತನ್ನ ಅಂಗೈ ನೋಡ್ಕೊಂಡೇ ಬಂದ. ಅವನಿಗೆ ಅವತ್ತೇ ಹೇಳಿದ ಮಾತು ಇಲ್ಲೂ ಬರೀತೀನಿ. ಮಸಾಜಿಂದಲೇ ಆಯ್ತು ಅಂತ ಯಾರೂ ಪ್ರಮಾಣ ಮಾಡಿ ಹೇಳೋಕಾಗಲ್ಲ, ಏಟು ಜೋರಾಗಿದ್ರೆ ಯಾರೂ ಮುಟ್ಟದೇ ಇದ್ರೂ ಹಿಂಗಾಗೋದುಂಟು. ಆದ್ರೆ ಮೊದಲ ದಿನಗಳಲ್ಲಿ ಶಾಖ ಕೊಟ್ರೆ ಒಳಗಿನ ರಕ್ತಸ್ರಾವ ಜಾಸ್ತಿ ಆಗುತ್ತೆ, ಹೆಪ್ಪುಗಟ್ಟೋ ರಕ್ತವನ್ನ ಜೋರಾಗಿ ನಾದಿದ್ರೆ ಮತ್ತೆ ಮತ್ತೆ ಗಾಯ ಮಾಡಿದಂಗೇ, ಅಪಾಯ ಏರೋದು ಅಲ್ಲಿ. ಅದಕ್ಕೇ ಇಂಥ ಏಟಿಗೆ ಮೊದಲ ದಿನಗಳಲ್ಲಿ ಗಾಯದ ಮೇಲೆ ಮಸಾಜ್, ಶಾಖ ಎರಡೂ ಬೇಡ ಅನ್ನೋದು, ಕುಡಿಯೋರಿಗೆ ಕುಡೀಬೇಡಿ ಅಂತಲೂ ಹೇಳೋದು. ಅವನ ಕೈ ಮಾಡಿದ್ದು ನಾನು ಕಲಿಸಿದ್ದನ್ನ, ಯಾವಾಗ ಮಾಡಬಾರದು ಅನ್ನೋ ಪಾಠ ನನ್ನ ಪಟ್ಟಿಯಲ್ಲಿ ಏಳನೇ ಭಾನುವಾರಕ್ಕಿತ್ತು.

ಏಳನೇ ಭಾನುವಾರ ಯಾಕೆ ಅಂದ್ರೆ ನಾನು ಕಲಿತಾಗಲೂ ಹಂಗೇ ಕಲಿಸಿದ್ರು. ಮೊದಲು ಸ್ಟ್ರೋಕು, ಆಮೇಲೆ ಸ್ನಾಯುಗಳ ಹೆಸರು, ಕೊನೇಲಿ ಒಂದು ದಿನ "ಎಲ್ಲೆಲ್ಲಿ ಮಾಡಬಾರದು" ಅಂತ ಒಂದು ಪಟ್ಟಿ ಓದಿ ಹೇಳಿದ್ರು, ನಾವು ಬರ್ಕೊಂಡ್ವಿ. ಕಲಿಯೋಕೆ ಬಂದವರಿಗೂ ಕೈ ಆಡಿಸೋ ಆಸೆ, ಮೊದಲ ದಿನವೇ ಎಣ್ಣೆ ಹಚ್ಚಿಸಿದ್ರೆ ಖುಷಿ ಆಗ್ತಾರೆ, ನಿಜ. ಆದ್ರೆ ಕಲಿತವನು ಎರಡನೇ ವಾರಕ್ಕೇ ಮನೇಲಿ, ಊರಲ್ಲಿ ಮಾಡೋಕೆ ಶುರು ಮಾಡ್ತಾನೆ, ಏಳನೇ ವಾರಕ್ಕೆ ಯಾರು ಕಾಯ್ತಾರೆ.

ಚಿಕಿತ್ಸೆ ಅಂದ್ರೆ ಬಹುಪಾಲು ತಾಳ್ಮೆ. ಡಾಕ್ಟ್ರು ಹೇಳಿದ್ದು, ಗಟ್ಟಿ ಜಾಗ ಯಾರೂ ಮುಟ್ಟಬಾರದು, ಬೇರೆಯವರು ಹಿಡಿದು ಮಂಡಿ ಮಡಚಿಸೋದು ಬೇಡವೇ ಬೇಡ, ನೋವಿಲ್ಲದಷ್ಟು ಮಾತ್ರ ಅವನೇ ಮಡಚಲಿ. ದಿನಕ್ಕೆ ನಾಲ್ಕೈದು ಸಲ ಬೋರಲು ಮಲಗಿ ನಿಧಾನಕ್ಕೆ ಮಡಚೋದು ಬಿಡೋದು, ಕಾಲು ನೇರ ಇಟ್ಟು ತೊಡೆ ಬಿಗಿಹಿಡಿದು ಬಿಡೋದು, ಆಮೇಲೆ ನೇರ ಕಾಲು ಎತ್ತೋದು. ಅವರ ಮನೇಲಿ ಡಿಗ್ರಿ ಅಳೆಯೋ ಗೋನಿಯೋಮೀಟರ್ ಇಲ್ಲ, ಹಂಗಾಗಿ ಅಣ್ಣಂಗೆ ಗೇಣು ಅಳತೆ ಹೇಳಿಕೊಟ್ಟೆ, ಬೋರಲು ಮಲಗಿ ಮಡಚಿದಾಗ ಹಿಮ್ಮಡಿಗೂ ಕುಂಡಿಗೂ ಎಷ್ಟು ಗೇಣು ಎಷ್ಟು ಬೆರಳು, ಕ್ಯಾಲೆಂಡರ್ ಮೇಲೆ ಬರೀತಾ ಹೋಗು ಅಂದೆ. ನಾನು ವಾರಕ್ಕೊಂದ್ಸಲ ಡಿಗ್ರಿ ನೋಡ್ತಿದ್ದೆ. 55, ಮುಂದಿನ ವಾರ 60, ಆಮೇಲೆ 72. ಅಷ್ಟರಲ್ಲಿ ಒಂದು ಮದುವೇಲಿ ಕುಣಿದು ಬಂದು 65ಕ್ಕೆ ಇಳೀತು, ಬೈಯ್ಲಿಲ್ಲ, ಅದನ್ನೂ ಕ್ಯಾಲೆಂಡರ್ ಮೇಲೆ ಬರಿ ಅಂದೆ.

ಹಂಗಂತ ಮಸಾಜಿಗೆ ಕೆಲಸವೇ ಇರಲಿಲ್ಲ ಅಂತಲ್ಲ. ಒಂದು ತಿಂಗಳು ಕುಂಟಿದವನ ಸೊಂಟ, ಎಡಗಾಲಿನ ಮೀನಖಂಡ, ಎರಡೂ ಕಲ್ಲಾಗಿದ್ವು, ಅವಕ್ಕೆ ವಾರಕ್ಕೆರಡು ಸಲ ಹಗುರವಾಗಿ ನೀವಿ, ಅಂಗೈಯಲ್ಲಿ ನಾದಿ ಬಿಡ್ತಿದ್ದೆ, ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ ಅಂತಿದ್ದ. ಮಸಾಜ್ ಮಾಡೋದು ಇಷ್ಟನ್ನೇ, ನೋವಿನ ಅನುಭವ ತಗ್ಗಿಸುತ್ತೆ, ಸ್ವಲ್ಪ ಹೊತ್ತಿನ ಮಟ್ಟಿಗೆ ಬಿಗಿ ಸಡಿಲಿಸುತ್ತೆ, ಆಟ ಆಡಿದ ಮಾರನೇ ದಿನದ ಮೈಕೈ ನೋವು ಒಂದಿಷ್ಟು ಕಮ್ಮಿ ಮಾಡುತ್ತೆ. ಆಡುವಾಗ ಸ್ನಾಯುವಲ್ಲಿ ಸೇರೋ ಲ್ಯಾಕ್ಟಿಕ್ ಆಸಿಡ್ ಹಿಂಡಿ ತೆಗೀತೀವಿ ಅಂತ ಹೇಳೋರಿದ್ದಾರೆ, ಅದು ಆಟ ನಿಲ್ಲಿಸಿ ಒಂದೆರಡು ಗಂಟೆಯೊಳಗೆ ದೇಹವೇ ಖಾಲಿ ಮಾಡ್ಕೊಳ್ಳುತ್ತೆ, ನಮ್ಮ ಕೈಗೆ ಕಾಯಲ್ಲ.

ಏಳನೇ ವಾರ, ಹಾಸನಾಂಬೆ ಬಾಗಿಲು ತೆಗೆದು ಊರು ತುಂಬಾ ಜನ ಇದ್ದ ಹೊತ್ತು, ಎರಡನೇ ಎಕ್ಸ್‌ರೇ. ಮಂಜಿನಂಗಿದ್ದದ್ದು ಈಗ ಅಂಚು ಕಟ್ಟಿತ್ತು, ಸುತ್ತ ಬಿಳೀ ಗೆರೆ, ಒಳಗೆ ಅಷ್ಟು ಬಿಳುಪಿಲ್ಲ. ಈ ಥರ ಹೊರಗಿನಿಂದ ಒಳಕ್ಕೆ ಗಟ್ಟಿಯಾಗ್ತಾ ಬರೋದು ಮಯೋಸೈಟಿಸ್ ಲಕ್ಷಣ, ಗಡ್ಡೆ ಅಲ್ಲ ಅಂತ ಡಾಕ್ಟ್ರು ಹೇಳಿದ್ದೇ ಅವರವ್ವ ಅಲ್ಲಿಂದ ಸೀದಾ ದೇವಸ್ಥಾನದ ಕ್ಯೂಗೆ ಹೋಗಿ ನಿಂತ್ರು, ನಾಲ್ಕು ಗಂಟೆ ಹೊತ್ತು. ಆಪರೇಷನ್ ಮಾಡಿ ತೆಗೆಸೋಣ್ವಾ ಅಂತ ಅಣ್ಣ ಕೇಳಿದ್ದ. ಹಣ್ಣಾಗದ ಮೂಳೆ ಕೆದಕಿದ್ರೆ ಮತ್ತೆ ಬೆಳೆಯುತ್ತೆ, ಬಹಳ ಜನಕ್ಕೆ ಆಪರೇಷನ್ ಬೇಕಾಗೋದೇ ಇಲ್ಲ, ತೊಂದರೆ ಉಳಿದ್ರೆ ಪೂರ್ತಿ ಬಲಿತ ಮೇಲೆ ನೋಡೋಣ ಅಂದ್ರು.

ಅಲ್ಲಿಂದ ಮುಂದೆ ಬೇಗ ಹೇಳಿಬಿಡ್ತೀನಿ. ಹತ್ತನೇ ವಾರಕ್ಕೆ 110 ಡಿಗ್ರಿ, ಸೈಕಲ್ ಶುರು. ಆಮೇಲೆ ಅರ್ಧ ಬಸ್ಕಿ, ಮೆಟ್ಟಿಲು, ನಿಧಾನ ಓಟ. ಮೂರು ತಿಂಗಳು ಕಳೆದ ಮೇಲೆ ಡಾಕ್ಟ್ರನ್ನ ಕೇಳಿ ತೊಡೆಗೆ ಕೈ ಹಾಕಿದೆ, ಅದೂ ಗಟ್ಟಿ ಜಾಗ ಬಿಟ್ಟು ಅದರ ಮೇಲ್ಗಡೆ, ಕೆಳಗಡೆ ಬರೀ ನೀವೋದು. ಆ ದಿನ ನಾನು ಮಾಡದೆ ಅಣ್ಣನ ಕೈಲೇ ಮಾಡಿಸ್ದೆ. ಕೈ ನಡುಗ್ತಿತ್ತು. "ಲೋ ಅಣ್ಣಯ್ಯ, ಮಾಡು, ನೋಯ್ತಿಲ್ಲ" ಅಂತ ತಮ್ಮನೇ ಅಂದ. ಸಂಕ್ರಾಂತಿಗೆ ತೊಡೆಗೆ ಪ್ಯಾಡ್ ಕಟ್ಟಿಕೊಂಡು ಒಂದು ಪಂದ್ಯ ಆಡ್ದ, ಮೊದಲರ್ಧ ಮಾತ್ರ.

ಏಟು ಬಿದ್ದ ರಾತ್ರಿನೇ ಮೈದಾನದಲ್ಲಿ ಏನು ಮಾಡಬೇಕಿತ್ತು ಅಂತ ಕೇಳೋರಿಗೆ. ಮೊದಲನೇದು, ಆಟ ನಿಲ್ಲಿಸಬೇಕಿತ್ತು. ಅಲ್ಲೇ ಮಂಡಿಯನ್ನ ನೋವು ತಡ್ಕೊಳ್ಳೋ ಅಷ್ಟು ಪೂರ್ತಿ, 120 ಡಿಗ್ರಿ ತನಕ ಮಡಚಿ, ಕಾಲು ಮಡಚಿದಂಗೇ ನಿಲ್ಲೋ ಹಾಗೆ ತೊಡೆ ಕಣಕಾಲು ಸೇರಿಸಿ ಕ್ರೇಪ್ ಬ್ಯಾಂಡೇಜ್ ಸುತ್ತಿ ಮೊದಲ 24 ಗಂಟೆ ಇಡೋದು, ಸ್ನಾಯು ಎಳೆದುಕೊಂಡಿದ್ರೆ ಒಳಗೆ ರಕ್ತ ತುಂಬೋಕೆ ಜಾಗ ಕಮ್ಮಿ, ಮಡಚೋ ಶಕ್ತಿನೂ ಉಳಿಯುತ್ತೆ. ಬಟ್ಟೆ ಸುತ್ತಿದ ಐಸು 15ರಿಂದ 20 ನಿಮಿಷ, ಎರಡು ಗಂಟೆಗೊಮ್ಮೆ. ನಡೆಯೋದಿದ್ರೆ ಕಂಕುಳ ಕೋಲು, ಇಲ್ಲಾಂದ್ರೆ ಇಬ್ಬರ ಹೆಗಲು. ಬೆರಳು ತಣ್ಣಗಾದ್ರೆ, ಜೋಮು ಹಿಡಿದ್ರೆ ಬ್ಯಾಂಡೇಜ್ ಆ ಕ್ಷಣ ಬಿಚ್ಚಬೇಕು, ತೊಡೆ ಕಲ್ಲಿನಂಗಾಗಿ ಏಟಿಗೆ ಮೀರಿದ ನೋವು ಬಂದ್ರೆ ಬೆಳಗಾಗೋದು ಕಾಯದೇ ಆಸ್ಪತ್ರೆಗೆ. ಮಾರನೇ ದಿನ ಬೋರಲು ಮಲಗಿಸಿ ಮಂಡಿ ನೋಡೋದು, 90 ಬರದಿದ್ರೆ ಡಾಕ್ಟ್ರು.

ಈಗ ನನ್ನ ಕ್ಲಾಸಲ್ಲಿ ಮೊದಲ ಮೂರು ಭಾನುವಾರ ಟೇಬಲ್ ಮೇಲೆ ಎಣ್ಣೆ ಬಾಟ್ಲೇ ಇಡಲ್ಲ. ಇಬ್ಬಿಬ್ಬರು ಜೋಡಿ ಆಗಿ ಒಬ್ಬರ ಕಾಲು ಒಬ್ಬರು ಅಳೀತಾರೆ, ಪ್ರಶ್ನೆ ಕೇಳೋದು ಕಲೀತಾರೆ, ಏಟಾ ಎಳೆತಾನಾ ಉಳುಕಾ, ಯಾವತ್ತು, ಆಮೇಲೆ ಆಡಿದ್ಯಾ, ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂರೋಕಾಯ್ತಾ. ಹಿಮ್ಮಡಿ ಮೇಲಿನ ದಪ್ಪ ಸ್ನಾಯುರಜ್ಜು, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ, ಹರಿದಿದೆಯಾ ನೋಡೋಕೆ ಮೀನಖಂಡ ಹಿಸುಕಿ ಪಾದ ಅಲ್ಲಾಡುತ್ತಾ ನೋಡೋದು, ಕಾಲು ಉಳುಕಿದವನು ನಾಲ್ಕು ಹೆಜ್ಜೆನೂ ಇಡೋಕಾಗ್ದಿದ್ರೆ ಮೊದಲು ಎಕ್ಸ್‌ರೇಗೆ ಕಳಿಸೋದು, ಇಂಥವೆಲ್ಲ ಆ ಮೂರು ವಾರದಲ್ಲೇ. ಹೊಸ ಬ್ಯಾಚಲ್ಲಿ ಇಬ್ಬರು ಬೇಜಾರಾಗಿ ಬಿಟ್ಟು ಹೋದ್ರು, ಹೋಗ್ಲಿ. ಅಳತೆ ಕ್ಲಾಸನ್ನ ಈಗ ಅಣ್ಣನೇ ತಗೋತಾನೆ, ಆ ಕ್ಯಾಲೆಂಡರ್ ಹಾಳೆಗಳನ್ನ ತಂದು ಗೋಡೆಗೆ ಅಂಟಿಸಿದಾನೆ.

ಆರು ತಿಂಗಳ ಎಕ್ಸ್‌ರೇ ಯುಗಾದಿಗೆ ಹದಿನೈದು ದಿನ ಮುಂಚೆ ಆಯ್ತು. ಮೂಳೆ ಚಿಕ್ಕದಾಗಿ, ಅಂಚು ನುಣುಪಾಗಿ ನಿಂತಿದೆ. ಮಂಡಿ 134. ಚಳಿ ಬೆಳಿಗ್ಗೆ ಈಗಲೂ ಸ್ವಲ್ಪ ಹಿಡ್ಕೊಳ್ಳುತ್ತೆ ಅಂತಾನೆ, ಪ್ಯಾಡ್ ಇಲ್ಲದೆ ಕೋರ್ಟಿಗೆ ಇಳಿಯೋ ಹಾಗಿಲ್ಲ. ಹಬ್ಬದ ಹಿಂದಿನ ದಿನ ಸಂಜೆ ಅವರವ್ವ ಫೋನ್ ಮಾಡಿದ್ರು, "ಸಾ, ನಾಳೆ ಹುಡುಗ್ರಿಗೆ ಎಣ್ಣೆ ಹಚ್ಚಿ ನೀರು ಹಾಕ್ತೀನಿ, ಇವನ ತೊಡೆಗೂ ಹಚ್ಬೋದಾ, ಬುಡ್ಲಾ?" ಡಾಕ್ಟ್ರನ್ನ ಆಗಲೇ ಕೇಳಿಟ್ಟಿದ್ದೆ. "ಹಚ್ಚಿ ಅವ್ವ, ಆ ಗಂಟಿನ ಮೇಲೆ ಒತ್ಬೇಡಿ, ಬರೀ ಸವರಿ ಬುಡಿ" ಅಂದೆ.